ನಡುಮನೆಯ ಬೆಂಕಿ ಆರಿದ ಮೇಲೆ

ಮುಂಬಯಿ, ಪುಣೆಗಳಲ್ಲಿ ಬಾಡಿಗೆ ಮನೆಗಾಗಿ ಅಲೆದವರಿಗೆಲ್ಲ ‘ಬಿಎಚ್‌ಕೆ’ ಎಂಬ ಮೂರಕ್ಷರದ ಮಂತ್ರ ಬಾಯಿಪಾಠವಾಗಿರುತ್ತದೆ. ಬೆಡ್‌ರೂಮ್, ಹಾಲ್, ಕಿಚನ್ ಎಂಬ ಈ ಮೂರರಲ್ಲಿ ನಡುವಿನದು ಬಹಳ ಸ್ವಾರಸ್ಯದ ಪದ. ಇಂದಿನ ಇಂಗ್ಲೆಂಡಿನ ಸಾಮಾನ್ಯ ಮನೆಯಲ್ಲಿ ‘ಹಾಲ್’ ಎಂದರೆ ಮುಂಬಾಗಿಲು ತೆರೆದೊಡನೆ ಸಿಗುವ, ಕೋಟು ಕೊಡೆಗಳನ್ನು ತೂಗುಹಾಕುವ ಇಕ್ಕಟ್ಟಾದ ಓಣಿ. ನಮಗಾದರೋ ಅದು ಮನೆಯ ದೊಡ್ಡ ಕೋಣೆ. ಎಲ್ಲರೂ ಕೂರುವ, ಉಣ್ಣುವ, ಊರಿನಿಂದ ನೆಂಟರು ಬಂದರೆ ಸಾಲಾಗಿ ಹಾಸಿಗೆ ಹಾಸುವ ಜಾಗ. ಆರು ನೂರು ವರ್ಷಗಳ ಹಿಂದಿನ ಇಂಗ್ಲಿಷ್ ರೈತನನ್ನು ಕರೆದು ಈ ಎರಡರಲ್ಲಿ ಯಾವುದು ಹಾಲ್ ಎಂದು ಕೇಳಿದ್ದರೆ ಅವನು ನಮ್ಮ ಪಕ್ಷವನ್ನೇ ವಹಿಸುತ್ತಿದ್ದ. ಅವನ ಕಾಲದಲ್ಲಿ ಹಾಲ್ ಎಂಬುದು ಮನೆಯ ಒಂದು ಕೋಣೆಯಷ್ಟೇ ಆಗಿರಲಿಲ್ಲ. ಹೆಚ್ಚುಕಡಿಮೆ ಅದೇ ಮನೆಯಾಗಿತ್ತು.

ಮನೆಯೇ ಆಗಿದ್ದುದು ಓಣಿಯಾಗಿ ಕುಗ್ಗಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ನಿಘಂಟಿಗಿಂತ ಚೆನ್ನಾಗಿ ಇಂಗ್ಲೆಂಡಿನ ಹಳೆಯ ರೈತಮನೆಗಳು ಕೊಡುತ್ತವೆ. ಇಂಗ್ಲಿಷ್ ಸಾಹಿತ್ಯವನ್ನು ಎಂ.ಎ. ತರಗತಿಗಳಲ್ಲಿ ಓದಿದ ನಮ್ಮಂಥವರಿಗೆ ಆ ನಾಡಿನ ಅರಮನೆಗಳು, ಕ್ಯಾಥೆಡ್ರಲ್‌ಗಳು ಪರಿಚಿತ. ರೈತಮನೆಗಳು ಮಾತ್ರ ಪಾತ್ರಗಳ ಬೆನ್ನ ಹಿಂದಿನ ಪರದೆಯಾಗಿ ದಾಟಿಹೋಗುತ್ತವೆ. ಆದರೆ ಅರಮನೆಯ ಚರಿತ್ರೆ ರಾಜನೊಬ್ಬನ ಅಭಿರುಚಿಯ ಚರಿತ್ರೆಯಾದರೆ, ರೈತಮನೆಯ ಚರಿತ್ರೆ ಹೆಸರಿಲ್ಲದ ಹದಿನೈದು ಇಪ್ಪತ್ತು ತಲೆಮಾರುಗಳ ಅಗತ್ಯಗಳ ಚರಿತ್ರೆ. ಅದಕ್ಕೆ ಒಂದು ನಿಜವಾದ ಮನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಆ ಮನೆಯ ಹೆಸರು ಬೇಲೀಫ್. ಇಂಗ್ಲೆಂಡಿನ ಆಗ್ನೇಯ ಭಾಗದ ಕೆಂಟ್ ಪ್ರಾಂತದಲ್ಲಿ, ಚಿಡಿಂಗ್‌ಸ್ಟೋನ್ ಎಂಬ ಹಳ್ಳಿಯ ಸೀಮೆಯಲ್ಲಿ ಅದು ಹುಟ್ಟಿದ್ದು. ಇಂದು ಅದು ಪಕ್ಕದ ಸಸೆಕ್ಸ್ ಪ್ರಾಂತದ ಸಿಂಗಲ್‌ಟನ್ ಎಂಬಲ್ಲಿ, ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಎಂಬ ಬಯಲು ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಮನೆಯೊಂದು ಊರು ಬಿಟ್ಟು ಊರಿಗೆ ಹೋದ ಕಥೆಯನ್ನು ಮುಂದೆ ಹೇಳುತ್ತೇವೆ. ಮೊದಲು ಅದರ ಹುಟ್ಟನ್ನು ನೋಡೋಣ.

ಬೇಲೀಫ್‌ನ ಅತ್ಯಂತ ಹಳೆಯ ಭಾಗ 1405 ಮತ್ತು 1430ರ ನಡುವೆ ಕಟ್ಟಿದ್ದು. ಇದನ್ನು ಹೇಳಿದ್ದು ಯಾವ ಶಾಸನವೂ ಅಲ್ಲ, ಮನೆಯ ಮರವೇ. ಓಕ್ ಮರದ ಕಾಂಡದಲ್ಲಿ ವರ್ಷಕ್ಕೊಂದರಂತೆ ಉಂಗುರ ಬೆಳೆಯುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಗಲವಾಗಿ, ಬರದ ವರ್ಷ ಸಣ್ಣದಾಗಿ. ಈ ಅಗಲ ಸಣ್ಣಗಳ ಸಾಲನ್ನು, ಕಾಲ ಗೊತ್ತಿರುವ ಬೇರೆ ಮರಗಳ ಸಾಲಿನೊಡನೆ ಹೊಂದಿಸಿ ನೋಡಿದರೆ ಮರ ಕಡಿದ ಕಾಲ ತಿಳಿಯುತ್ತದೆ. ಅಂದಿನ ಬಡಗಿಗಳು ಓಕ್ ಮರವನ್ನು ಒಣಗಿಸಿಡುತ್ತಿರಲಿಲ್ಲ. ಹಸಿಯಾಗಿದ್ದಾಗಲೇ ಅದನ್ನು ಕೊಯ್ದು ಕೆತ್ತುವುದು ಸುಲಭ. ಆದ್ದರಿಂದ ಮರ ಬಿದ್ದ ಕಾಲವೂ ಮನೆ ಎದ್ದ ಕಾಲವೂ ಬಹುಮಟ್ಟಿಗೆ ಒಂದೇ.

ಕಟ್ಟುವ ವಿಧಾನವೂ ಗಮನಾರ್ಹ. ಕಂಬ, ತೊಲೆ, ಅಡ್ಡಪಟ್ಟಿಗಳನ್ನು ಮೊದಲು ನೆಲದ ಮೇಲೆ ಹರಡಿ, ಒಂದರ ತುದಿಯಲ್ಲಿ ನಾಲಗೆ ಬಿಟ್ಟು, ಇನ್ನೊಂದರಲ್ಲಿ ಅದಕ್ಕೆ ತಕ್ಕ ಗುಳಿ ಕೊರೆದು, ಜೋಡಿಸಿ ನೋಡುತ್ತಿದ್ದರು. ಯಾವುದು ಯಾವುದಕ್ಕೆ ಜೋಡಿಯೆಂದು ಮರೆಯದಿರಲು ರೋಮನ್ ಅಂಕಿಗಳಂಥ ಗೀಟುಗಳನ್ನು ಉಳಿಯಿಂದ ಕೊರೆಯುತ್ತಿದ್ದರು. ಆಮೇಲೆ ಎಲ್ಲವನ್ನೂ ಬಿಚ್ಚಿ, ನಿವೇಶನಕ್ಕೆ ಸಾಗಿಸಿ, ಎತ್ತಿ ನಿಲ್ಲಿಸಿ, ಓಕ್ ಮರದ ಗೂಟಗಳನ್ನು ಜಡಿಯುತ್ತಿದ್ದರು. ಕಂಬಗಳ ನಡುವಿನ ತೆರಪಿಗೆ ಸೀಳಿದ ಕೋಲುಗಳ ತಡಿಕೆ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿದರೆ ಗೋಡೆ. ತಡಿಕೆ, ಸಗಣಿ ಎಂದೊಡನೆ ನಮ್ಮ ಓದುಗರಲ್ಲಿ ಹಲವರಿಗೆ ಕೆಂಟ್ ಪ್ರಾಂತ ಅಷ್ಟೇನೂ ದೂರವಲ್ಲ ಎನಿಸಬಹುದು.

ಇಂಥ ಮನೆಗಳಿಗೆ ‘ವೀಲ್ಡನ್’ ಮನೆಗಳೆಂದು ಹೆಸರು. ವೀಲ್ಡ್ ಎಂಬುದು ಆ ಸೀಮೆಯ ಕಾಡುಪ್ರದೇಶ. ಮುಂದಿನಿಂದ ನೋಡಿದರೆ ಎರಡು ತುದಿಗಳಲ್ಲಿ ಮಹಡಿ ತುಸು ಮುಂದಕ್ಕೆ ಚಾಚಿಕೊಂಡಿರುತ್ತದೆ. ನಡುವಿನ ಭಾಗ ಒಳಕ್ಕೆ ಸರಿದಿರುತ್ತದೆ. ಮೂರಕ್ಕೂ ಸೇರಿ ಒಂದೇ ಮಾಡು. ಒಳಕ್ಕೆ ಸರಿದ ಆ ನಡುಭಾಗವೇ ಹಾಲ್. ನಾವು ಅದನ್ನು ನಡುಮನೆ ಎಂದೇ ಕರೆಯೋಣ. ನೆಲದಿಂದ ಮಾಡಿನವರೆಗೆ ಅದಕ್ಕೆ ಅಟ್ಟವಿಲ್ಲ, ತಡೆಯಿಲ್ಲ. ನೆಲದ ನಡುವೆ ಬಯಲು ಒಲೆ. ಚಿಮಣಿ ಇಲ್ಲ. ಹೊಗೆ ಮೇಲೇರಿ, ಜಂತಿಗಳ ನಡುವೆ ಸುಳಿದಾಡಿ, ಮಾಡಿನ ತುದಿಯ ಕಿಂಡಿಗಳಿಂದಲೂ ಸಂದುಗಳಿಂದಲೂ ಹೊರಬೀಳಬೇಕು. ಕಿಟಕಿಗಳಿಗೆ ಗಾಜಿಲ್ಲ, ನಿಲುವಾಗಿ ಕೂರಿಸಿದ ಮರದ ಸರಳುಗಳು, ಒಳಗಡೆ ಮುಚ್ಚುವ ಹಲಗೆಗಳು.

ಈ ನಡುಮನೆಗೆ ಮೇಲ್ತುದಿ ಕೆಳತುದಿ ಎಂಬ ಭೇದವಿತ್ತು. ಕೆಳತುದಿಯಲ್ಲಿ ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ನೇರವಾಗಿ ಹಾಯುವ ದಾರಿ. ಅದರಾಚೆ ಎರಡು ಉಗ್ರಾಣಗಳು. ಒಂದರ ಹೆಸರು ಪ್ಯಾಂಟ್ರಿ, ಇನ್ನೊಂದರದು ಬಟರಿ. ಪ್ಯಾಂಟ್ರಿಯ ಬೇರು ಫ್ರೆಂಚ್ ಭಾಷೆಯ ರೊಟ್ಟಿಯ ಪದ. ಬಟರಿಗೂ ಬೆಣ್ಣೆಗೂ ಸಂಬಂಧವಿಲ್ಲ. ಅದು ಪಾನೀಯದ ಪೀಪಾಯಿಯನ್ನು ಸೂಚಿಸುವ ಪದದಿಂದ ಬಂದದ್ದು. ಮೇಲ್ತುದಿಯಲ್ಲಿ ಯಜಮಾನನ ಮೇಜು. ಬಾಗಿಲಿಗೆ ದೂರ, ಗಾಳಿಗೆ ಮರೆ. ಅದರ ಬೆನ್ನಿಗೆ ಕುಟುಂಬದ ಖಾಸಗಿ ಕೋಣೆ, ಅದರ ಮೇಲೆ ಮಲಗುವ ಮಹಡಿ. ಯಜಮಾನ, ಹೆಂಡತಿ ಮಕ್ಕಳು, ಆಳುಗಳು ಎಲ್ಲರೂ ಉಣ್ಣುವುದು ಒಂದೇ ಮಾಡಿನ ಕೆಳಗೆ, ಒಂದೇ ಹೊಗೆಯಲ್ಲಿ. ಸಮಾನತೆಯೆಂದು ಇದನ್ನು ಭ್ರಮಿಸಬೇಕಾಗಿಲ್ಲ. ಯಾರು ಎಲ್ಲಿ ಕೂರಬೇಕೆಂಬುದು ಖಚಿತವಾಗಿತ್ತು. ಆದರೆ ಆ ಭೇದ ಎಲ್ಲರ ಕಣ್ಣೆದುರಿಗೇ ಇತ್ತು. ಗೋಡೆಯ ಹಿಂದೆ ಅಡಗಿರಲಿಲ್ಲ.

ಬೇಲೀಫ್‌ನ ಮೇಲ್ತುದಿಯ ಕಟ್ಟಡ ಮೂಲದ್ದಲ್ಲ. ಉಂಗುರಗಳ ಲೆಕ್ಕದಂತೆ ಅದು 1505ರಿಂದ 1510ರ ನಡುವಿನದು. ಎಂದರೆ ಮನೆ ಕಟ್ಟಿದ ನೂರು ವರ್ಷದೊಳಗೇ, ಅಜ್ಜನ ಮನೆ ಸಾಲದೆಂದು ಮೊಮ್ಮಗನೋ ಮರಿಮಗನೋ, ಇಲ್ಲವೆ ಹೊಸದಾಗಿ ಬಂದ ಗೇಣಿದಾರನೋ, ಅದನ್ನು ಬದಲಿಸಿದ್ದ. ನಾವಿಂದು ಶುದ್ಧ ಮಧ್ಯಯುಗದ ಮನೆಯೆಂದು ನೋಡುವ ಕಟ್ಟಡವೂ ಹೀಗೆ ಎರಡು ಕಾಲಗಳ ಕೂಡಿಕೆ.

ನಿಜವಾದ ಸ್ಥಿತ್ಯಂತರ ಬಂದದ್ದು ಚಿಮಣಿಯ ರೂಪದಲ್ಲಿ. ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ಎಸೆಕ್ಸ್ ಪ್ರಾಂತದ ರ‍್ಯಾಡ್‌ವಿಂಟರ್ ಎಂಬ ಹಳ್ಳಿಯಲ್ಲಿದ್ದ. 1577ರಲ್ಲಿ ಪ್ರಕಟವಾದ ಇಂಗ್ಲೆಂಡಿನ ವರ್ಣನೆಯಲ್ಲಿ ಅವನು ತನ್ನ ಊರಿನ ಮುದುಕರ ಮಾತನ್ನು ದಾಖಲಿಸಿದ್ದಾನೆ. ತಮ್ಮ ನೆನಪಿನೊಳಗೇ ಮೂರು ಸಂಗತಿಗಳು ಬೆರಗಾಗುವಷ್ಟು ಬದಲಾಗಿವೆ ಎನ್ನುತ್ತಾರೆ ಆ ಮುದುಕರು. ಒಂದು, ಎಲ್ಲೆಲ್ಲೂ ಎದ್ದಿರುವ ಚಿಮಣಿಗಳು. ಎರಡು, ಹುಲ್ಲಿನ ಚಾಪೆಯ ಮೇಲೆ ಮರದ ತುಂಡಿಗೆ ತಲೆಯಿಟ್ಟು ಮಲಗುತ್ತಿದ್ದವರಿಗೆ ದೊರೆತ ಹಾಸಿಗೆ ದಿಂಬುಗಳು. ಮೂರು, ಮರದ ತಟ್ಟೆ ಚಮಚಗಳ ಜಾಗಕ್ಕೆ ಬಂದ ಲೋಹದ ಪಾತ್ರೆಗಳು. ಹ್ಯಾರಿಸನ್ ಇಷ್ಟಕ್ಕೆ ನಿಲ್ಲದೆ, ಚಿಮಣಿ ಬಂದ ಮೇಲೆ ಜನರಿಗೆ ನೆಗಡಿ ತಲೆನೋವು ಹೆಚ್ಚಾಗಿದೆಯೆಂದೂ, ಹಿಂದೆ ಹೊಗೆಯೇ ಮನೆಯ ಮರಕ್ಕೆ ಗಟ್ಟಿತನವನ್ನೂ ಮನೆಯವರಿಗೆ ಔಷಧವನ್ನೂ ಕೊಡುತ್ತಿತ್ತೆಂದೂ ಕೊರಗುತ್ತಾನೆ. ಹಳೆಯ ಕಾಲವೇ ಚೆನ್ನಾಗಿತ್ತೆಂಬ ಮಾತಿಗೆ ಎಷ್ಟು ವಯಸ್ಸಾಗಿದೆಯೆಂದು ಇದರಿಂದ ತಿಳಿಯುತ್ತದೆ.

ಚಿಮಣಿ ಒಂದೇ ದಿನದಲ್ಲಿ ಬರಲಿಲ್ಲ. ಕೆಲವರು ಮೊದಲು ನಡುಮನೆಯ ಒಂದು ಕಿರಿದಾದ ಅಂಕಣವನ್ನು ಹೊಗೆಗೆಂದೇ ಬಿಟ್ಟು ಉಳಿದುದಕ್ಕೆ ಅಟ್ಟ ಹಾಕಿದರು. ಕೆಲವರು ಮರ ಮಣ್ಣುಗಳ ಹೊಗೆಗೂಡು ಕಟ್ಟಿದರು. ಅದು ಬೆಂಕಿಗೆ ತಾನೇ ಆಹುತಿಯಾಗುವ ಭಯವಿತ್ತು. ಇಟ್ಟಿಗೆ ಅಗ್ಗವಾಗಿ ಸಿಗತೊಡಗಿದಂತೆ ಗಟ್ಟಿಮುಟ್ಟಾದ ಇಟ್ಟಿಗೆಯ ಚಿಮಣಿ ಮನೆಯ ನಡುವೆ ಎದ್ದಿತು. ಹೊಗೆಗೆ ಪ್ರತ್ಯೇಕ ದಾರಿ ಸಿಕ್ಕ ಮೇಲೆ ನಡುಮನೆ ಮಾಡಿನವರೆಗೆ ತೆರೆದಿರಬೇಕಾದ ಕಾರಣವೇ ಉಳಿಯಲಿಲ್ಲ. ಅಡ್ಡಲಾಗಿ ತೊಲೆ ಹಾಯಿಸಿ ಅಟ್ಟ ಹಾಕಿದರು. ಮೇಲೊಂದು ಕೋಣೆ ಬಂತು. ಅದಕ್ಕೊಂದು ಮೆಟ್ಟಿಲು ಬಂತು. ಹಲವು ಮನೆಗಳಲ್ಲಿ ಚಿಮಣಿಯನ್ನು ಹಾಯುದಾರಿಯಲ್ಲಿಯೇ ಕೂರಿಸಿದ್ದರಿಂದ ಮುಂಬಾಗಿಲು ಚಿಮಣಿಯ ಬೆನ್ನಿಗೆ ಎದುರಾಯಿತು. ಬಾಗಿಲ ಬಳಿ ಒಂದು ಪುಟ್ಟ ಚೌಕ ಮಾತ್ರ ಉಳಿದು, ಬಂದವರು ಅಲ್ಲಿಂದ ಎಡಕ್ಕೋ ಬಲಕ್ಕೋ ತಿರುಗಬೇಕಾಯಿತು. ಅದೇ ವಸ್ತುಸಂಗ್ರಹಾಲಯದಲ್ಲಿರುವ, 1609ರಲ್ಲಿ ಕಟ್ಟಿದ ಪೆಂಡೀನ್ ಎಂಬ ರೈತಮನೆಗೆ ಮೊದಲಿನಿಂದಲೇ ನಡುವೆ ಚಿಮಣಿಯಿದೆ. ಒಂದೆರಡು ಶತಮಾನಗಳಲ್ಲಿ ಮನೆಯೆಂಬ ಕಲ್ಪನೆಯೇ ಬದಲಾದುದನ್ನು ಈ ಎರಡು ಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾಣಬಹುದು.

ಪ್ರಾದೇಶಿಕ ಇತಿಹಾಸಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ, 1570ರಿಂದ 1640ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ ಹಳ್ಳಿಗಳೆಲ್ಲ ಹೀಗೆ ಹೊಸದಾಗಿ ಕಟ್ಟಿಕೊಂಡವೆಂದು ವಾದಿಸಿದರು. ಧಾನ್ಯದ ಬೆಲೆ ಏರುತ್ತಿತ್ತು, ಸ್ಥಿರ ಗೇಣಿಯ ರೈತನ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತಿತ್ತು, ಖಾಸಗಿ ಬದುಕಿನ ಆಸೆ ಮೇಲಿನ ವರ್ಗಗಳಿಂದ ಕೆಳಗಿಳಿಯುತ್ತಿತ್ತು ಎಂಬುದು ಅವರ ವಿವರಣೆ. ಆ ಅವಧಿ ಎಲ್ಲ ಪ್ರಾಂತಗಳಿಗೂ ಒಂದೇ ಆಗಿರಲಿಲ್ಲ, ಹಲವೆಡೆ ಕಟ್ಟುವ ಭರ ಬಂದದ್ದು ಇನ್ನೂ ತಡವಾಗಿ ಎಂದು ಆಮೇಲಿನ ವಿದ್ವಾಂಸರು ತಿದ್ದಿದ್ದಾರೆ. ಕಾಲ ಹಿಂದುಮುಂದಾದರೂ ಬದಲಾವಣೆಯ ದಿಕ್ಕಿನ ಬಗೆಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಒಲೆಗಳು ಹೆಚ್ಚಿದಾಗ ಸರ್ಕಾರದ ಕಣ್ಣು ಬೀಳದಿರುವುದುಂಟೆ? 1662ರಲ್ಲಿ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಶಿಲಿಂಗ್‌ನಂತೆ ತೆರಿಗೆ ಬಂತು. ಅಧಿಕಾರಿಗಳು ಮನೆಯೊಳಗೆ ನುಗ್ಗಿ ಒಲೆ ಎಣಿಸುವುದು ಜನರಿಗೆ ಸಹಿಸಲಾಗದ ಅಪಮಾನವಾಗಿ, 1689ರಲ್ಲಿ ಅದು ರದ್ದಾಯಿತು. ಏಳೇ ವರ್ಷದಲ್ಲಿ, 1696ರಲ್ಲಿ, ಕಿಟಕಿ ತೆರಿಗೆ ಬಂತು. ಇದನ್ನು ಹೊರಗೆ ನಿಂತೇ ಎಣಿಸಬಹುದಾಗಿತ್ತು. ಅದು 1851ರವರೆಗೆ ಉಳಿಯಿತು. ಹಳೆಯ ಮನೆಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳಲ್ಲಿ ಕೆಲವು ಈ ತೆರಿಗೆಯ ಗುರುತುಗಳು. ಕೇಂದ್ರ ಸರ್ಕಾರದ ನೌಕರಿಯಲ್ಲಿ ಕಡತಗಳ ನಡುವೆ ಬಾಳುವ ನಮಗೆ ಇದರಲ್ಲೊಂದು ಸಮಾಧಾನವುಂಟು. ಅಂದು ಜನ ಶಪಿಸಿದ ಆ ಒಲೆ ಪಟ್ಟಿಗಳೇ ಇಂದು, ಯಾವ ಊರಿನ ಯಾವ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತಿತ್ತೆಂದು ಇತಿಹಾಸಕಾರರಿಗೆ ತಿಳಿಸುವ ಅಮೂಲ್ಯ ಆಧಾರಗಳಾಗಿವೆ. ಗುಮಾಸ್ತನ ಬರಹವೂ ಒಮ್ಮೊಮ್ಮೆ ಚರಿತ್ರೆಯಾಗುತ್ತದೆ.

ಗೋಡೆಗಳು ಹೆಚ್ಚಿದಂತೆ ಮನುಷ್ಯರ ನಡುವಿನ ದೂರವೂ ಹೆಚ್ಚಿತೆ? ವಿಲಿಯಂ ಕಾಬೆಟ್ ಹಾಗೆಯೇ ನಂಬಿದ್ದ. 1825ರ ಶರತ್ಕಾಲದಲ್ಲಿ ಅವನು ಸರ‍್ರೆ ಪ್ರಾಂತದ ರೈಗೇಟ್ ಬಳಿ ಒಂದು ಹಳೆಯ ರೈತಮನೆಯ ಸಾಮಾನುಗಳ ಹರಾಜನ್ನು ಕಂಡ. ‘ರೂರಲ್ ರೈಡ್ಸ್’ ಗ್ರಂಥದ ಪ್ರಸಿದ್ಧ ಭಾಗಗಳಲ್ಲೊಂದು ಅದರ ವರ್ಣನೆ. ಆಳುಗಳೆಲ್ಲ ಸಾಲಾಗಿ ಕುಳಿತು ಉಣ್ಣುತ್ತಿದ್ದ ಉದ್ದನೆಯ ಓಕ್ ಮೇಜು ಮೂಲೆಗೆ ಬಿದ್ದಿದೆ. ಯಜಮಾನನಿಗೆ ಈಗ ‘ಪಾರ್ಲರ್’ ಎಂಬ ಪ್ರತ್ಯೇಕ ಕೋಣೆ. ಅಲ್ಲಿ ನಾಜೂಕಾದ ಕುರ್ಚಿ, ಗಾಜಿನ ಲೋಟಗಳು. ಆಳುಗಳಿಗೆ ಮನೆಯಲ್ಲಿ ಊಟ ಹಾಕಿ ಇರಿಸಿಕೊಳ್ಳುವುದಕ್ಕಿಂತ ಕೂಲಿ ಕೊಟ್ಟು ಹೊರಗಟ್ಟುವುದೇ ಅಗ್ಗವಾಗಿದೆ. ಕಾಬೆಟ್‌ನ ಕೋಪದಲ್ಲಿ ಹಳೆಯದರ ಬಗೆಗಿನ ಮೋಹವೂ ಬೆರೆತಿದೆ, ನಿಜ. ಆದರೂ ಅವನು ಒಂದನ್ನು ಸರಿಯಾಗಿ ಗುರುತಿಸಿದ್ದ. ಮನೆಯ ನಕ್ಷೆ ಬದಲಾದಾಗ ಯಾರು ಯಾರೊಡನೆ ಉಣ್ಣುತ್ತಾರೆಂಬುದೂ ಬದಲಾಗಿರುತ್ತದೆ. ಪಂಕ್ತಿಯ ಅರ್ಥ ತಿಳಿದ ನಮ್ಮ ಸಮಾಜಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬದಲಾವಣೆಗಳ ಮೇಲೆ 18ನೆಯ ಶತಮಾನದವರು ಮತ್ತೊಂದು ಪದರ ಹೊದಿಸಿದರು. ಮರದ ಚೌಕಟ್ಟು ಹಳ್ಳಿಗುಗ್ಗತನದ ಗುರುತೆನಿಸಿ, ಎಷ್ಟೋ ಮನೆಗಳ ಮುಂಭಾಗಕ್ಕೆ ಇಟ್ಟಿಗೆಯ ಗೋಡೆಯನ್ನೋ ಹಂಚಿನ ಹೊದಿಕೆಯನ್ನೋ ಹಾಕಿ, ಮೇಲೆ ಕೆಳಗೆ ಜಾರುವ ಗಾಜಿನ ಕಿಟಕಿಗಳನ್ನು ಇಟ್ಟರು. ಮುಂದೆ ನಿಂತವರಿಗೆ ಅದು ಹೊಸ ಮನೆ. ಮಾಡಿನೊಳಗೆ ಹತ್ತಿ ದೀಪ ಹಿಡಿದವರಿಗೆ ಮಾತ್ರ ನಿಜ ತಿಳಿಯುತ್ತದೆ. ಜಂತಿಗಳಿಗೆ ಅಂಟಿದ ಗಟ್ಟಿ ಕರಿ, ಕೆಳಗೆ ಒಂದು ಕಾಲದಲ್ಲಿ ಬಯಲು ಒಲೆ ಉರಿಯುತ್ತಿತ್ತೆಂಬುದಕ್ಕೆ ಸಾಕ್ಷಿ. ನಮ್ಮ ಹಳೆಯ ಅಡುಗೆಮನೆಗಳ ಸೂರಿನಿಂದ ಜೋತುಬೀಳುವ ಇಲ್ಲಣವನ್ನು ಕಂಡವರಿಗೆ ಈ ಸಾಕ್ಷ್ಯದ ಭಾಷೆ ಕಷ್ಟವಾಗದು. ತೊಲೆಯ ಅಡಿಯಲ್ಲಿ ಸಾಲಾಗಿ ಕಾಣುವ ಖಾಲಿ ಗುಳಿಗಳು, ಅಲ್ಲಿ ಗೋಡೆಯೋ ಕಿಟಕಿಯೋ ಇತ್ತೆಂದು ಹೇಳುತ್ತವೆ.

ಬಾಗಿಲ ಮೇಲೆ ಕೆತ್ತಿದ ಇಸವಿಯನ್ನು ಮಾತ್ರ ಎಚ್ಚರಿಕೆಯಿಂದ ನಂಬಬೇಕು. ‘ವುದರಿಂಗ್ ಹೈಟ್ಸ್’ ಕಾದಂಬರಿ ಓದಿದವರಿಗೆ ಮುಂಬಾಗಿಲ ಮೇಲೆ 1500 ಎಂಬ ಇಸವಿಯೂ ಹೇರ್‌ಟನ್ ಅರ್ನ್‌ಶಾ ಎಂಬ ಹೆಸರೂ ಇದ್ದುದು ನೆನಪಿರಬಹುದು. ನಿಜವಾದ ಮನೆಗಳಲ್ಲಿ ಇಂಥ ಕೆತ್ತನೆ ಒಮ್ಮೊಮ್ಮೆ ಕಟ್ಟಿದ ಕಾಲವನ್ನು ಹೇಳಿದರೆ, ಒಮ್ಮೊಮ್ಮೆ ಮದುವೆಯನ್ನೋ ದುರಸ್ತಿಯನ್ನೋ ಹೇಳುತ್ತದೆ. ಮನೆಗೆ ಒಂದೇ ಹುಟ್ಟುಹಬ್ಬವಿದೆಯೆಂದು ತಿಳಿಯುವವರು ಇಲ್ಲಿ ಮೋಸಹೋಗುತ್ತಾರೆ.

ಹಾಗಾದರೆ ಇಂಥ ಮನೆಯನ್ನು ಕಾಪಾಡುವುದೆಂದರೆ ಏನು? ಅದರ ಯಾವ ವಯಸ್ಸನ್ನು ಕಾಪಾಡಬೇಕು? 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ದೊಡ್ಡ ಜಗಳವಾಯಿತು. ವಾಸ್ತುಶಿಲ್ಪಿಗಳು ಹಳೆಯ ಚರ್ಚುಗಳಿಗೆ ಕೈಹಾಕಿ, ಅವು ‘ಮೂಲದಲ್ಲಿ’ ಹೇಗಿದ್ದವೆಂದು ತಾವು ಊಹಿಸಿದಂತೆ, ನಡುವಿನ ಶತಮಾನಗಳ ಕೆಲಸವನ್ನೆಲ್ಲ ಕಿತ್ತೊಗೆಯುತ್ತಿದ್ದರು. ಇದಕ್ಕೆ ಅವರು ಕೊಟ್ಟ ಹೆಸರು ಜೀರ್ಣೋದ್ಧಾರ. ಕವಿ, ಕುಶಲಕರ್ಮಿ ವಿಲಿಯಂ ಮಾರಿಸ್ ಇದರ ವಿರುದ್ಧ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನೇ ಕಟ್ಟಿದ. ಕೆರೆದು ಹಾಕುವುದನ್ನು ವಿರೋಧಿಸುವವರೆಂದು ಅದಕ್ಕೆ ಅಡ್ಡಹೆಸರೂ ಬಿತ್ತು. ಮಾರಿಸ್‌ನ ವಾದದ ತಿರುಳು ಇಷ್ಟು: ಕಟ್ಟಡದ ಪ್ರತಿಯೊಂದು ಪದರವೂ ಅದರ ಚರಿತ್ರೆಯ ಭಾಗ, ಒಂದು ಕಾಲವನ್ನು ಮರಳಿ ತರುವ ನೆಪದಲ್ಲಿ ಉಳಿದ ಕಾಲಗಳನ್ನು ಅಳಿಸಿದರೆ ಕೊನೆಗೆ ಸಿಗುವುದು ನಕಲು, ಆದ್ದರಿಂದ ಸೋರುವ ಮಾಡನ್ನು ಸಕಾಲಕ್ಕೆ ಮುಚ್ಚಿ, ವಾಲುವ ಗೋಡೆಗೆ ಆಸರೆ ಕೊಟ್ಟು, ದಿನದಿನದ ಆರೈಕೆಯಿಂದ ಉಳಿಸಬೇಕು. ಮಾರಿಸ್ ತಾನು ಪ್ರೀತಿಸಿದ ಕೆಲ್ಮ್‌ಸ್ಕಾಟ್ ಮನೆಯನ್ನು 1871ರಲ್ಲಿ ಬಾಡಿಗೆಗೆ ಹಿಡಿದದ್ದು. ಅದು 1600ರ ಸುಮಾರಿನ ರೈತಮನೆ. 17ನೆಯ ಶತಮಾನದಲ್ಲಿಯೇ ಬೆಳೆದು ವಿಸ್ತಾರವಾದದ್ದು. 1896ರಲ್ಲಿ ಸಾಯುವವರೆಗೂ ಅವನು ಅಲ್ಲಿ ಬಾಡಿಗೆದಾರನೇ. ಅದೇ ವರ್ಷ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಆಲ್ಫ್ರಿಸ್ಟನ್ ಎಂಬಲ್ಲಿಯ 14ನೆಯ ಶತಮಾನದ ವೀಲ್ಡನ್ ಮನೆಯೊಂದನ್ನು ಹತ್ತು ಪೌಂಡ್‌ಗೆ ಕೊಂಡಿತು. ಅದು ಆ ಸಂಸ್ಥೆ ಕೊಂಡ ಮೊದಲ ಕಟ್ಟಡ.

ಎದುರು ಪಕ್ಷದ ಉದಾಹರಣೆಯನ್ನು ಸಸೆಕ್ಸಿನ ಗ್ರೇಟ್ ಡಿಕ್ಸ್‌ಟರ್‌ನಲ್ಲಿ ನೋಡಬಹುದು. 15ನೆಯ ಶತಮಾನದ ಆ ಮನೆಯನ್ನು 1910ರಲ್ಲಿ ಕೊಂಡ ನಥಾನಿಯಲ್ ಲಾಯ್ಡ್, ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್‌ನನ್ನು ಕರೆಸಿದ. ಲಟ್ಯೆನ್ಸ್ ನಡುಮನೆಯ ಅಟ್ಟವನ್ನೂ ಅಡ್ಡಗೋಡೆಗಳನ್ನೂ ತೆಗೆಸಿ ಅದನ್ನು ಮತ್ತೆ ಮಾಡಿನವರೆಗೆ ತೆರೆದ. ಸಾಲದೆಂದು, ಕೆಂಟ್‌ನ ಬೆನೆಂಡನ್‌ನಲ್ಲಿ ಪಾಳುಬಿದ್ದಿದ್ದ ಇನ್ನೊಂದು ಹಳೆಯ ಮರದ ಮನೆಯನ್ನು ಬಿಚ್ಚಿ ತಂದು ಹಿಂದೆ ಜೋಡಿಸಿ, ಎರಡರ ನಡುವೆ ತನ್ನದೇ ಹೊಸ ಭಾಗವನ್ನು ಕಟ್ಟಿದ. ನಮ್ಮ ದೆಹಲಿಯ ಓದುಗರಿಗೆ ಈ ಹೆಸರು ನಿತ್ಯಪರಿಚಿತ. 1912ರಲ್ಲಿ ಹೊಸ ರಾಜಧಾನಿಯ ಯೋಜನೆಗೆ ಕೈಹಾಕಿದವನು ಅವನೇ. ಡಿಕ್ಸ್‌ಟರ್ ಸುಂದರವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು 15ನೆಯ ಶತಮಾನದ ಮನೆಯೋ, 1912ರ ಮನೆಯೋ ಎಂದು ಕೇಳಿದರೆ ಎರಡೂ ಹೌದು ಎನ್ನಬೇಕಾಗುತ್ತದೆ.

ಈಗ ಬೇಲೀಫ್‌ಗೆ ಮರಳೋಣ. ನಂತರದ ಶತಮಾನಗಳಲ್ಲಿ ಅದರ ನಡುಮನೆಗೂ ಇಟ್ಟಿಗೆಯ ಚಿಮಣಿ ಬಂದಿತ್ತು, ಅಟ್ಟ ಬಿದ್ದಿತ್ತು. 1960ರ ದಶಕದಲ್ಲಿ ಆ ಕಣಿವೆಯಲ್ಲಿ ಬೋ ಬೀಚ್ ಜಲಾಶಯವನ್ನು ಕಟ್ಟುವುದೆಂದು ತೀರ್ಮಾನವಾಯಿತು. ಕುಡಿಯುವ ನೀರಿನ ಅಗತ್ಯದ ಮುಂದೆ ಮನೆಯ ವಾದ ನಿಲ್ಲಲಿಲ್ಲ. 1968-69ರಲ್ಲಿ ಅದನ್ನು ಮರಮರವಾಗಿ ಬಿಚ್ಚಿ ಸಿಂಗಲ್‌ಟನ್‌ಗೆ ಸಾಗಿಸಿದರು. 1972ರಲ್ಲಿ ಅದು ಮತ್ತೆ ಎದ್ದು ನಿಂತಿತು. ಐದೂವರೆ ಶತಮಾನಗಳ ಹಿಂದೆ ಬಡಗಿಗಳು ಬಿಚ್ಚಿ ಜೋಡಿಸಲೆಂದೇ ಕಟ್ಟಿದ್ದ ಚೌಕಟ್ಟು ಇನ್ನೊಮ್ಮೆ ಬಿಚ್ಚಿಸಿಕೊಂಡು ಜೋಡಿಯಾಯಿತು. ಆದರೆ ನಿಲ್ಲಿಸುವಾಗ ಮಾರಿಸ್ ಎತ್ತಿದ್ದ ಪ್ರಶ್ನೆಯೇ ಎದುರಾಯಿತು: ಯಾವ ಕಾಲದ ಬೇಲೀಫ್? ಸಂಗ್ರಹಾಲಯದವರು ಮೇಲ್ತುದಿಯ ಹೊಸ ಭಾಗ ಬಂದ ಮೇಲಿನ, ಚಿಮಣಿ ಬರುವ ಮುಂಚಿನ ರೂಪವನ್ನು ಆರಿಸಿದರು. ಮುಂದೆ ಒಳಗಿನ ಸಾಮಾನುಗಳನ್ನೂ 1540ರ ಸುಮಾರಿಗೆ ಸರಿಹೊಂದುವಂತೆ ಮಾಡಿಸಿಟ್ಟರು. ನಡುಮನೆಯಲ್ಲಿ ಮತ್ತೆ ಬಯಲು ಒಲೆ ಉರಿಯುತ್ತದೆ. ಚಿಮಣಿಯ ಕಾಲದವರು, ಎಂದರೆ ಅಲ್ಲಿ ಅತಿ ಹೆಚ್ಚು ವರ್ಷ ಬಾಳಿದವರು, ಆ ಮನೆಯಿಂದ ಹೊರಬಿದ್ದಿದ್ದಾರೆ.

ಇದನ್ನು ತಪ್ಪೆಂದು ನಾವು ಹೇಳುವುದಿಲ್ಲ. ಚಿಮಣಿ ಉಳಿಸಿದ್ದರೆ ತೆರೆದ ನಡುಮನೆ ಹೇಗಿತ್ತೆಂಬುದನ್ನು ಇಂದಿನವರು ಕಣ್ಣಾರೆ ಕಾಣುವಂತಿರಲಿಲ್ಲ. ಆದರೆ ಅದೊಂದು ಆಯ್ಕೆ. ಆಯ್ಕೆಯೆಂದು ಬಹಿರಂಗವಾಗಿ ಹೇಳಿದಾಗಲೇ ಅದು ಪ್ರಾಮಾಣಿಕ. ಆಯ್ಕೆ ಕೊನೆಯ ಮಾತಲ್ಲವೆಂಬುದಕ್ಕೂ ಅದೇ ಜಲಾಶಯದ ಕಣಿವೆಯಿಂದ ಬಂದ ವಿಂಕ್‌ಹರ್ಸ್ಟ್ ಎಂಬ ಚಿಕ್ಕ ಕಟ್ಟಡ ಸಾಕ್ಷಿ. ಅದನ್ನು ಮೊದಲು ಒಂದು ಪುಟ್ಟ ಸ್ವತಂತ್ರ ಮನೆಯೆಂದು ನಿಲ್ಲಿಸಿದ್ದರು. ಮುಂದಿನ ಅಧ್ಯಯನಗಳಿಂದ ಅದು ದೊಡ್ಡ ಮನೆಯೊಂದಕ್ಕೆ ಸೇರಿದ ಅಡುಗೆಮನೆಯಾಗಿದ್ದಿರಬೇಕೆಂದು ತೋರಿತು. 2002ರಲ್ಲಿ ಅದನ್ನು ಮತ್ತೆ ಬಿಚ್ಚಿ ಬೇಲೀಫ್‌ನ ಸಮೀಪಕ್ಕೆ ತಂದು, ಟ್ಯೂಡರ್ ಕಾಲದ ಅಡುಗೆಮನೆಯಾಗಿ ನಿಲ್ಲಿಸಿದರು.

ಜಲಾಶಯ ಬಂದು ಮನೆ ಮುಳುಗುವ ಕಥೆ ಕನ್ನಡಿಗರಿಗೆ ಹೊಸತಲ್ಲ. ಕೃಷ್ಣರಾಜಸಾಗರದಲ್ಲಿ ಕನ್ನಂಬಾಡಿ, ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಊರುಗಳು, ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಹೋದವು. ಕನ್ನಂಬಾಡಿಯ ವೇಣುಗೋಪಾಲನಿಗೆ ಮುಂದೆ ಎತ್ತರದ ಜಾಗದಲ್ಲಿ ಕಲ್ಲುಕಲ್ಲಾಗಿ ಜೋಡಿಸಿದ ಗುಡಿ ದೊರೆಯಿತು. ರೈತಮನೆಗಳಿಗೆ ಆ ಭಾಗ್ಯವಿರಲಿಲ್ಲ. ಹಾಗೆಂದು ಮನೆಯನ್ನು ಬಿಚ್ಚಿ ಕೂಡಿಸುವ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ನಾಡಿನ ಹಲವು ಕಡೆಯ ಹಳೆಯ ಮನೆಗಳನ್ನು ತಂದು ನಿಲ್ಲಿಸಿದರು. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಕರ್ನಾಟಕದ ಮನೆಗಳೂ ಇವೆ. ಆದರೆ ಸಂಗ್ರಹಾಲಯಕ್ಕೆ ಹೋಗುವ ಮನೆಗಳು ಬೆರಳೆಣಿಕೆಯಷ್ಟು. ಉಳಿದವುಗಳ ಗತಿಯನ್ನು ನಿರ್ಧರಿಸುವವರು ನಾವೇ.

ಹೊರನಾಡಿನಲ್ಲಿ ಬಾಳುವ ನಮಗೆ ಇದು ಕೇವಲ ವಾಸ್ತುವಿನ ಚರ್ಚೆಯಲ್ಲ. ವರ್ಗಾವಣೆಯ ನೌಕರಿಯಲ್ಲಿ ಸರ್ಕಾರಿ ವಸತಿಗೃಹದಿಂದ ವಸತಿಗೃಹಕ್ಕೆ ಹೋಗುವ ನಮ್ಮಂಥವರು ಗೋಡೆಗೆ ಒಂದು ಮೊಳೆ ಹೊಡೆಯಲೂ ಯೋಚಿಸುತ್ತೇವೆ. ಯಾವ ಮನೆಯ ಮೇಲೂ ನಮ್ಮ ಗುರುತು ಉಳಿಯುವುದಿಲ್ಲ. ಅದಕ್ಕೇ ಇರಬೇಕು, ಊರಿನ ಮನೆಯ ಬಗೆಗೆ ನಮ್ಮ ಹಟ ಹೆಚ್ಚು. ಅಲ್ಲಿಯೇ ಉಳಿದ ಅಣ್ಣನೋ ಚಿಕ್ಕಪ್ಪನೋ ಹಂಚು ತೆಗೆಸಿ ತಾರಸಿ ಹಾಕಿಸಿದರೆ, ಅತ್ತಿಗೆ ಸೌದೆ ಒಲೆ ಕಿತ್ತು ಅನಿಲದ ಒಲೆಗೆ ಕಟ್ಟೆ ಕಟ್ಟಿಸಿದರೆ, ಮನೆ ಕೆಟ್ಟಿತೆಂದು ನಾವು ದೂರದಿಂದ ಮರುಗುತ್ತೇವೆ. ನಮ್ಮ ಬಾಲ್ಯದ ವರ್ಷವೇ ಆ ಮನೆಯ ‘ಮೂಲ’ ವರ್ಷವೆಂದು ನಾವು ತೀರ್ಮಾನಿಸಿಬಿಟ್ಟಿರುತ್ತೇವೆ. ಆದರೆ ನಾವು ಹಂಬಲಿಸುವ ಆ ಮಂಗಳೂರು ಹಂಚು ತಾನೇ ಎಷ್ಟು ಹಳೆಯದು? ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹುಲ್ಲಿನ ಮಾಡಿನಡಿ ಬೆಳೆದ ಯಾವುದೋ ಅಜ್ಜಿಗೆ ಆ ಕೆಂಪು ಹಂಚೂ ಒಂದು ಕಾಲಕ್ಕೆ ಮನೆ ಕೆಡಿಸಿದ ಹೊಸತನವಾಗಿ ಕಂಡಿರಬಹುದು. ಮತ್ತು ಹೊಗೆಯಲ್ಲಿ ಕಣ್ಣುಜ್ಜಿಕೊಂಡವರು ಅಡುಗೆ ಮಾಡುತ್ತಿದ್ದ ಹೆಂಗಸರೇ ಹೊರತು, ಆ ಒಲೆಯನ್ನು ನೆನೆದು ಹಾಡುವ ನಾವಲ್ಲ.

ಬೇಲೀಫ್ ಐದೂವರೆ ಶತಮಾನ ತನ್ನ ಕಣಿವೆಯಲ್ಲಿ ನಿಂತದ್ದು ಯಾರೂ ಅದನ್ನು ಮುಟ್ಟದಿದ್ದುದರಿಂದಲ್ಲ. ಪ್ರತಿ ತಲೆಮಾರೂ ತನಗೆ ಬೇಕಾದಂತೆ ಅದನ್ನು ಮುಟ್ಟಿ, ಬದಲಿಸಿ, ಬಾಳಿದ್ದರಿಂದ. ಬದಲಾಗದ ಮನೆಯಲ್ಲಿ 17ನೆಯ ಶತಮಾನದ ರೈತ ಇರಲೊಲ್ಲದೆ ಹೋಗಿದ್ದರೆ ಅದು ಆಗಲೇ ಸೌದೆಯಾಗುತ್ತಿತ್ತು. ಇದರರ್ಥ ಎಲ್ಲ ಬದಲಾವಣೆಯೂ ಒಳ್ಳೆಯದೆಂದಲ್ಲ. ಆ ಮನೆಯ ಪುಣ್ಯವೆಂದರೆ, ಅದನ್ನು ಬದಲಿಸಿದವರು ಮಾಡಿದ ಪ್ರತಿಯೊಂದು ಗಾಯವೂ ಓಕ್ ಮರದ ಮೇಲೆ ಓದಬಲ್ಲ ಅಕ್ಷರವಾಗಿ ಉಳಿಯಿತು. ಸಿಮೆಂಟಿನ ತಾರಸಿ ಬಿದ್ದ ಮೇಲೆ, ಮರ ಮುಟ್ಟುಗಳು ಮಾರಾಟವಾಗಿ ಯಾವುದೋ ಹೋಟೆಲಿನ ಅಲಂಕಾರವಾದ ಮೇಲೆ, ನಮ್ಮ ಮನೆಗಳಲ್ಲಿ ಅಂಥ ಅಕ್ಷರ ಉಳಿಯುವುದಿಲ್ಲ.

ಆದ್ದರಿಂದ ಊರಿನವರ ಕೈ ತಡೆಯುವ ಹಕ್ಕು ನಮಗಿಲ್ಲವಾದರೂ, ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಜತೆಗಿರಲಿ. ಅಂಕಣಗಳ ಅಳತೆ, ಕಂಬಗಳ ಸಂಖ್ಯೆ, ಒಲೆಯಿದ್ದ ಮೂಲೆ, ಮುಚ್ಚಿಹೋದ ಬಾಗಿಲು, ಹೆರಿಗೆಯ ಕೋಣೆ, ಆಳುಗಳು ಉಣ್ಣುತ್ತಿದ್ದ ಜಾಗ, ಯಾರಿಗೆ ಎಲ್ಲಿಯವರೆಗೆ ಒಳಗೆ ಬರಲು ಬಿಡುತ್ತಿದ್ದರೆಂಬ ಗೆರೆ, ಯಾವ ವರ್ಷ ಯಾರು ಏನನ್ನು ಬದಲಿಸಿದರು ಎಂಬ ಹಿರಿಯರ ನೆನಪು, ಇವನ್ನೆಲ್ಲ ಬರೆದು, ಚಿತ್ರ ತೆಗೆದು ಇಟ್ಟುಕೊಂಡರೆ ಸಾಕು. ಆಮೇಲೆ ಹಂಚು ಇಳಿಯುವುದಿದ್ದರೆ ಇಳಿಯಲಿ.